ಅತ್ತೆಯ ಸಮಾಧಿಗೆ ಆರಿಸಿದ ಗುಲಾಬಿಗಳು

ಗುಲಾಬಿ ಸಸಿ ಆರಿಸುವವರಿಗೆ ಕರುಣೆ ಇರಬಾರದು. ನರ್ಸರಿಗೆ ಹೋದವರು ಮಾಡುವ ಮೊದಲ ತಪ್ಪೆಂದರೆ ಹೂವಿಗೆ ಮರುಳಾಗುವುದು. ಅಂಗೈಯಗಲದ ಕೆಂಪು ಹೂ ಬಿಟ್ಟ ಸಸಿ ಕಂಡರೆ ಸಾಕು, ಎತ್ತಿಕೊಂಡು ಬಂದುಬಿಡುತ್ತಾರೆ. ಅದು ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ನಿಂತು ಇದ್ದಬದ್ದ ಶಕ್ತಿಯನ್ನೆಲ್ಲ ಹೂವಿಗೆ ಸುರಿದುಬಿಟ್ಟಿರುತ್ತದೆ. ಮನೆಗೆ ತಂದು ನೆಟ್ಟರೆ ಎಲೆ ಉದುರಿಸಿ ಕಡ್ಡಿಯಾಗುತ್ತದೆ. ನಾನು ಮುಂಡರಗಿ ರಸ್ತೆಯ ನರ್ಸರಿಗೆ ಹೋದರೆ ಹೂವಿರುವ ಸಸಿಗಳ ಕಡೆ ತಿರುಗಿಯೂ ನೋಡುವುದಿಲ್ಲ. ಬಗ್ಗಿ ಬುಡ ನೋಡುತ್ತೇನೆ. ಕಸಿ ಕಟ್ಟಿದ ಗಂಟು ಗಟ್ಟಿಯಾಗಿರಬೇಕು. ಗಂಟಿನ ಮೇಲಿಂದ ಟೊಂಗೆಗಳು ಬೇರೆ ಬೇರೆ ದಿಕ್ಕಿಗೆ ಹೊರಟಿರಬೇಕು, ಕೆಳಗಿನಿಂದ ಏನೂ ಹೊರಟಿರಬಾರದು. ಎಲೆ ಮಗುಚಿ ಹುಳ ಹುಡುಕುತ್ತೇನೆ, ಚೀಲದ ತಳ ಒತ್ತಿ ಬೇರು ಹೊರಬಿದ್ದಿದೆಯೋ ನೋಡುತ್ತೇನೆ. "ನೀವು ಗಿಡಾ ತಗೊಳ್ಳಾಕ ಬರ್ತೀರೋ, ಕಳ್ಳನ್ನ ಹಿಡಿಯಾಕ ಬರ್ತೀರೋ" ಎಂದು ನರ್ಸರಿಯವನು ಅಣಕಿಸುತ್ತಾನೆ. ಅಣಕಿಸಲಿ. ಅವನು ಗೋಗರೆದು ಮುಂದೆ ಹಿಡಿಯುವ ಸಸಿಯನ್ನು ನಾನು ಯಾವತ್ತೂ ತಂದವಳಲ್ಲ.

ತಂದ ಮೇಲೂ ಕರುಣೆ ಇಲ್ಲ. ಹೊಸ ಗಿಡ ಮೊದಲ ತಿಂಗಳುಗಳಲ್ಲಿ ಬಿಟ್ಟ ಮೊಗ್ಗನ್ನೆಲ್ಲ ಉಗುರಿನಿಂದ ಚಿವುಟಿ ಹಾಕುತ್ತೇನೆ. ಮೊದಲು ಬೇರು ಬಿಡು, ಆಮೇಲೆ ಸಿಂಗಾರ. ಪಕ್ಕದ ಮನೆಯಾಕೆ ಇದನ್ನು ಕಂಡು, ಎಂಥ ಕಟುಕ ಹೆಂಗಸು ನೀನು ಎಂದಿದ್ದಳು. ಅವಳ ಗಿಡಗಳೆಲ್ಲ ಸತ್ತಿವೆ, ನನ್ನವು ಇವೆ.

ಬೆಟಗೇರಿಯ ನಮ್ಮ ಮನೆಯ ಹಿತ್ತಲೆಂದರೆ ಎರಡು ಎಮ್ಮೆ ಕಟ್ಟುವಷ್ಟು ಜಾಗ. ಅಲ್ಲಿ ಮತ್ತು ಮಾಳಿಗೆಯ ಮೇಲಿನ ಕುಂಡಗಳಲ್ಲಿ ಬಗೆಬಗೆಯ ಗುಲಾಬಿ ಬೆಳೆಸಿದ್ದೇನೆ. ಜವಾರಿ, ಅಂದರೆ ನಾಟಿ, ಗುಲಾಬಿಯದು ತಿಳಿ ಬಣ್ಣ. ಬಿಸಿಲೇರುವುದರೊಳಗೆ ಪಕಳೆ ಉದುರುತ್ತವೆ, ಆದರೆ ವಾಸನೆ ಓಣಿಯ ತುದಿಯವರೆಗೆ ಹೋಗುತ್ತದೆ. ಕಸಿಯ ದೊಡ್ಡ ಗುಲಾಬಿ ದಂಟಿಗೊಂದೇ ಹೂ ಬಿಡುವ ಸೊಕ್ಕಿನ ಜಾತಿ. ನೋಡಲು ಚೆಂದ, ಮೂಸಿದರೆ ಏನೂ ಇಲ್ಲ. ಗೊಂಚಲು ಗುಲಾಬಿಗೆ ಲೆಕ್ಕವಿಲ್ಲದಷ್ಟು ಹೂ. ಗೋಡೆಗೆ ಹಬ್ಬಿಸಲು ಬಳ್ಳಿ ಗುಲಾಬಿ ಇದೆ, ಮಾಲೆಗೆ ಮತ್ತು ಮುಡಿಗೆ ಬಟನ್ ಗುಲಾಬಿ ಇದೆ. ಜವಾರಿಯನ್ನು ಟೊಂಗೆ ಮುರಿದು ಚುಚ್ಚಿದರೂ ಹತ್ತುತ್ತದೆ. ಕಸಿಯದಕ್ಕೆ ಮಾತ್ರ ಕೆಂಪು ಮಣ್ಣು ಬೇಕು, ಆಡಿನ ಹಿಕ್ಕೆಯ ಕಳಿತ ಗೊಬ್ಬರ ಬೇಕು, ಬುಡದಲ್ಲಿ ನೀರು ನಿಲ್ಲದಂತೆ ಇಳಿಜಾರು ಬೇಕು.

ಇಷ್ಟು ತಿಳಿದ ನನ್ನ ಕೈಯನ್ನು ನನ್ನ ಮನೆಯವರು ಮುಟ್ಟಿದ್ದನ್ನೆಲ್ಲ ಸುಡುವ ಕೈ ಎಂದು ತೀರ್ಮಾನಿಸಿದರು. ಆ ತೀರ್ಮಾನದಿಂದ ನನಗೆ ಹೋದದ್ದು ಒಂದೇ, ನನ್ನ ಮಗಳ ತಲೆಗೆ ಹೂ ಮುಡಿಸುವ ಹಕ್ಕು. ಅದು ಹೇಗೆ ಹೋಯಿತೆಂದು ಬರೆಯುತ್ತೇನೆ. ಯಾರ ಮೇಲೂ ಸಿಟ್ಟಿಲ್ಲ ಎಂದು ಹೇಳುವ ಜಾತಿಯವಳು ನಾನಲ್ಲ. ಸಿಟ್ಟಿದೆ.

ನಮ್ಮ ಕಡೆ ಕೈಗುಣ ಎನ್ನುತ್ತಾರೆ. ಕೆಲವರು ಒಣ ಕಡ್ಡಿ ಚುಚ್ಚಿದರೂ ಚಿಗುರುತ್ತದೆಯಂತೆ, ಕೆಲವರು ಮುಟ್ಟಿದರೆ ಹಸಿರೂ ಒಣಗುತ್ತದೆಯಂತೆ. ಬಿತ್ತನೆಯ ಮೊದಲ ಹಿಡಿ ಕಾಳಿಗೆ, ಉಪ್ಪಿನಕಾಯಿಯ ಭರಣಿಗೆ, ಬಸುರಿಯ ಮುಡಿಗೆ, ಎಲ್ಲದಕ್ಕೂ ಕೈಗುಣ ನೋಡುತ್ತಾರೆ. ನನ್ನ ಅತ್ತೆ ಇದರಲ್ಲಿ ನ್ಯಾಯಾಧೀಶರಿದ್ದಂತೆ. ಮದುವೆಯಾಗಿ ಕೊರ್ಲಹಳ್ಳಿಯಿಂದ ಬಂದ ವರ್ಷವೇ ನಾನು ಹಾಕಿದ ಮಾವಿನ ಉಪ್ಪಿನಕಾಯಿಗೆ ಬೂಷ್ಟು ಹಿಡಿಯಿತು. ಅತ್ತೆ ಭರಣಿಯನ್ನು ಬಂದವರಿಗೆಲ್ಲ ತೆರೆದು ತೋರಿಸಿದರು. "ಹೊಳಿ ದಂಡಿ ಊರಿನ ಕೈ, ನೀರೈತಿ ಕೈಯಾಗ" ಎಂದರು. ದೊಡ್ಡ ಸೊಸೆ, ಅಂದರೆ ನನ್ನ ನೆಗೆಣ್ಣಿ, ಹಾಕಿದ ಉಪ್ಪಿನಕಾಯಿ ಕೆಟ್ಟಾಗ ಮಾತ್ರ ಆ ವರ್ಷದ ಮಾವು ಸರಿಯಿರಲಿಲ್ಲ.

ಅತ್ತೆ ಕೊನೆಗೆ ಹಾಸಿಗೆ ಹಿಡಿದರು. ಭಾವ ಮತ್ತು ನೆಗೆಣ್ಣಿ ಹುಲಕೋಟಿಯಲ್ಲಿ ಬೇರೆ ಮನೆ ಮಾಡಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಅತ್ತೆ ಉಳಿದದ್ದು ನನ್ನ ಪಾಲಿಗೆ. ಅವರನ್ನು ತೊಳೆದೆ, ತಿರುಗಿಸಿದೆ, ಉಣಿಸಿದೆ. ಪ್ರೀತಿಯಿಂದ ಮಾಡಿದೆ ಎಂದರೆ ಸುಳ್ಳಾಗುತ್ತದೆ, ಹಲ್ಲು ಕಚ್ಚಿ ಮಾಡಿದೆ. ಅನ್ನ ತಣ್ಣಗಾಗಿದ್ದರೆ ನನ್ನ ಮೇಲೆ ಉಗುಳುತ್ತಿದ್ದರು. ಬೆಳಗಿನ ಪೂಜೆಗೆ ಜವಾರಿ ಗುಲಾಬಿಯೇ ಬೇಕು, ಅದನ್ನು ನಾನೇ ಕಿತ್ತು ತಂದು ಅಂಗೈಯಲ್ಲಿ ಇಡಬೇಕು. ಇಟ್ಟ ಮೇಲೆ ಬಂದವರಿಗೆ ಅವರು ಹೇಳುತ್ತಿದ್ದದ್ದು, "ದೊಡ್ಡಾಕಿ ಹಚ್ಚಿದ ಗಿಡದ್ದು, ನೋಡ್ರಿ ಹ್ಯಾಂಗ ಘಮಾಡಿಸತೈತಿ." ದೊಡ್ಡಾಕೆ ನಮ್ಮ ಹಿತ್ತಲಲ್ಲಿ ಒಂದು ಹುಲ್ಲುಕಡ್ಡಿಯನ್ನೂ ನೆಟ್ಟವಳಲ್ಲ. ರವಿವಾರಕ್ಕೊಮ್ಮೆ ಬಿಸ್ಕಿಟ್ ಪುಡಿಕೆ ಹಿಡಿದು ಬಂದು, ಅತ್ತೆಯ ತಲೆದಿಂಬಿನ ಪಕ್ಕ ಕುಳಿತು ಕಣ್ಣೊರೆಸಿಕೊಂಡು ಹೋಗುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಅತ್ತೆ ತೀರಿಕೊಂಡರು. ಆ ದಿನ ನನಗೆ ಅಳು ಬರಲಿಲ್ಲ, ನಿದ್ದೆ ಬಂತು. ಗೋಡೆಗೊರಗಿ ಕಣ್ಣು ಮುಚ್ಚಿದ್ದನ್ನು ನೆಗೆಣ್ಣಿ ಎಲ್ಲರಿಗೂ ಬೊಟ್ಟು ಮಾಡಿ ತೋರಿಸಿದಳು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಸ್ವಂತ ಹೊಲವಿದ್ದರೆ ಅಲ್ಲಿಯೇ ಕುಣಿ ತೋಡಿ, ಕುಳಿತ ಭಂಗಿಯಲ್ಲಿ ಕೂಡಿಸಿ, ಮಣ್ಣು ಕೊಡುತ್ತೇವೆ. ನಮ್ಮ ಹೊಲವಿರುವುದು ಅಂತೂರ ಬೆಂತೂರದಲ್ಲಿ. ಅತ್ತೆಯ ಸುತ್ತ ವಿಭೂತಿ, ಬಿಲ್ವಪತ್ರೆ ಇಟ್ಟು, ಮೇಲೆ ಚೀಲಗಟ್ಟಲೆ ಉಪ್ಪು ಸುರಿದರು. ಅದೇನೂ ವಿಶೇಷವಲ್ಲ, ಎಲ್ಲರೂ ಮಾಡುವುದೇ. ಆದರೆ ಭಾವ ಅವ್ವನ ಮೇಲಿನ ಪ್ರೀತಿ ಊರಿಗೆಲ್ಲ ಕಾಣಬೇಕೆಂದು ಬೇಕಾದದ್ದಕ್ಕಿಂತ ಹೆಚ್ಚು ಉಪ್ಪು ತರಿಸಿದ್ದರು. ಮಣ್ಣಿಗೆಂದು ಒಯ್ದದ್ದನ್ನು ಹೊಳ್ಳಿ ಮನೆಗೆ ತರಬಾರದು. ಹಾಗಾಗಿ ಕುಣಿ ಮುಚ್ಚುತ್ತ ಬಂದಂತೆ ಉಳಿದ ಚೀಲವನ್ನೂ ಮೇಲಿನ ಮಣ್ಣಿನಲ್ಲಿ ಬೆರೆಸಿ ಚೆಲ್ಲಿದರು. ನಾಯಿಗಳು ಕೆದರುವುದಿಲ್ಲ, ಒಳ್ಳೆಯದೇ ಆಯಿತು ಎಂದು ಯಾರೋ ಅಂದರು. ನಾನು ಅಲ್ಲಿಯೇ ನಿಂತು ನೋಡುತ್ತಿದ್ದೆ, ನನ್ನ ಮಗಳೂ ನೋಡುತ್ತಿದ್ದಳು.

ಮಗಳ ಬಗ್ಗೆ ಹೇಳಬೇಕು. ನನಗೆ ಅವಳೊಬ್ಬಳೇ. ವಿಜ್ಞಾನ ಓದಿದಳು, ಲಕ್ಷ್ಮೇಶ್ವರಕ್ಕೆ ಕೊಟ್ಟೆವು, ಅಲ್ಲಿಯೇ ಹೈಸ್ಕೂಲಿನಲ್ಲಿ ಕಲಿಸುತ್ತಾಳೆ. ಚಿಕ್ಕವಳಿದ್ದಾಗಿನಿಂದ ನನ್ನ ಜೊತೆ ಮಣ್ಣು ಕಲಸಿದವಳು. ಅಜ್ಜಿ ಸತ್ತಾಗ ಅವಳು ಬಸುರಿ, ಹೊಸದು, ಇನ್ನೂ ಯಾರಿಗೂ ಹೇಳಿರಲಿಲ್ಲ.

ಯುಗಾದಿ ಹತ್ತಿರ ಬಂತು. ಅತ್ತೆ ಸತ್ತ ಮೇಲಿನ ಮೊದಲ ದೊಡ್ಡ ಹಬ್ಬ, ಬೀಗರೆಲ್ಲ ಸಮಾಧಿ ನೋಡಲು ಹೊಲಕ್ಕೆ ಬರುವವರಿದ್ದರು. ಭಾವ ನಮ್ಮ ಮನೆಗೆ ಬಂದು ಕುರ್ಚಿಯಲ್ಲಿ ಕುಳಿತು, "ಅವ್ವಗ ಗುಲಾಬಿ ಅಂದ್ರ ಜೀವ. ಗದ್ದಿಗಿ ಮ್ಯಾಲ ನಾಕೂ ಮೂಲಿಗೆ ಗುಲಾಬಿ ಹಚ್ಚೂನು. ಯುಗಾದಿಗೆ ಹೂ ಇರಬೇಕು ನೋಡು" ಎಂದರು.

ನಾನು ಬೇಡವೆಂದೆ. ಒಂದು, ಅದು ಎರೆ ಹೊಲ, ಅದರ ಕಪ್ಪು ಮಣ್ಣು ಕಸಿ ಗುಲಾಬಿಗೆ ಆಗುವುದಿಲ್ಲ. ಎರಡು, ಬೇಸಿಗೆ ತಲೆಯ ಮೇಲಿದೆ. ಮೂರು, ಆ ಮಣ್ಣಿನಲ್ಲಿ ಉಪ್ಪಿದೆ. "ಭಾವಾರ, ಮಳಿ ಬೀಳಲಿ. ಉಪ್ಪು ಇಳದ ಹೋಗಲಿ. ಈಗ ಹಚ್ಚೂದಿದ್ರ ಗದ್ದಿಗಿ ಬಿಟ್ಟು ಆ ಕಡೆ ಬದುವಿಗೆ ಹಚ್ಚೂನು."

ಭಾವ ನನ್ನ ಕಡೆ ನೋಡದೆ ನನ್ನ ಗಂಡನ ಕಡೆ ನೋಡಿದರು. ನೆಗೆಣ್ಣಿ ನಿಧಾನವಾಗಿ, "ಇರಲಿ ಬಿಡ್ರಿ. ಅತ್ತಿ ಮ್ಯಾಲ ಹೂ ಹಚ್ಚಾಕ ಮನಸ್ಸಿಲ್ಲಂದ್ರ ಒತ್ತಾಯ ಯಾಕ ಮಾಡ್ತೀರಿ" ಎಂದಳು. ನನ್ನ ಗಂಡ ನೆಲ ನೋಡುತ್ತ, "ಹಚ್ಚಿಬಿಡು, ಏನ್ ಹೋಗತೈತಿ" ಎಂದರು. ನಮ್ಮ ಮನೆಯಲ್ಲಿ ಏನಾದರೂ ಹೋಗುವುದಿದ್ದರೆ ಅದು ನನ್ನದೇ ಹೋಗುತ್ತದೆ, ಆ ಮಾತು ಅವರ ತಲೆಗೆ ಎಂದೂ ಹೊಳೆದಿಲ್ಲ.

ಹಚ್ಚುವುದೇ ಆದರೆ ಸರಿಯಾಗಿ ಹಚ್ಚುತ್ತೇನೆ ಎಂದು ಹಟ ಬಂತು. ನರ್ಸರಿಯಲ್ಲಿ ಅರ್ಧ ದಿನ ಕಳೆದೆ. ಗದ್ದುಗೆಯ ಹಿಂದಿನ ಎರಡು ಮೂಲೆಗೆ ಕೆಂಪು ಕಸಿ ಗುಲಾಬಿ, ಮುಂದಿನ ಎರಡಕ್ಕೆ ಒಂದು ಬಿಳಿ ಗೊಂಚಲು, ಒಂದು ಜವಾರಿ. ಜವಾರಿ ಅತ್ತೆಗೆ, ಬಿಳಿಯದು ಬಂದವರ ಕಣ್ಣಿಗೆ, ಕೆಂಪು ಎರಡು ಭಾವನ ಪ್ರತಿಷ್ಠೆಗೆ. ಶಿರಹಟ್ಟಿ ಕಡೆಯಿಂದ ಕೆಂಪು ಮಣ್ಣು ತರಿಸಿದೆ. ಸಸಿಗಳಿಗೆ ಗುಂಡಿ ಅಗಲವಾಗಿ ತೋಡಿಸಿ, ಕಪ್ಪು ಮಣ್ಣು ತೆಗೆಸಿ, ಕೆಂಪು ಮಣ್ಣಿಗೆ ಹಿಕ್ಕೆ ಗೊಬ್ಬರ, ಬೇವಿನ ಹಿಂಡಿ ಕಲಸಿ ತುಂಬಿದೆ. ಗಂಟು ಮಣ್ಣಿನ ಮೇಲೆ ಬರುವಂತೆ ಸಸಿ ಇಟ್ಟು, ಸುತ್ತ ಕಾಲಿನಿಂದ ಮೆಟ್ಟಿದೆ. ಲಕ್ಷ್ಮೇಶ್ವರದಿಂದ ಬಂದಿದ್ದ ಮಗಳು ನೀರು ಹೊತ್ತಳು. ಬೇಡವೆಂದರೂ ಕೇಳಲಿಲ್ಲ. ನೆಗೆಣ್ಣಿ ಬೇವಿನ ಗಿಡದ ನೆರಳಿನಲ್ಲಿ ಕುಳಿತು, ಇದು ಆ ಕಡೆ, ಅದು ಈ ಕಡೆ ಎನ್ನುತ್ತಿದ್ದಳು. ಮಣ್ಣು ಮುಟ್ಟಲಿಲ್ಲ.

ಯುಗಾದಿಗೆ ಹೂ ಇದ್ದವು. ನನ್ನ ನಿಯಮ ಮುರಿದು ಮೊಗ್ಗು ಚಿವುಟದೆ ಬಿಟ್ಟಿದ್ದೆ. ಬೀಗರೆಲ್ಲ ಹೊಗಳಿದರು, ಭಾವ ಹೊಗಳಿಸಿಕೊಂಡರು. ಯಾರು ಹಚ್ಚಿದ್ದು ಎಂದು ಯಾರೂ ಕೇಳಲಿಲ್ಲ.

ಹಬ್ಬ ಕಳೆದ ಮೇಲೆ ಎಲೆಯ ಅಂಚು ಕಂದಿತು. ಹುಳವಲ್ಲ, ರೋಗವಲ್ಲ, ಬೆಂಕಿಗೆ ಹಿಡಿದಂತೆ ಅಂಚಿನಿಂದ ಒಳಗೆ ಸುಡುತ್ತ ಬಂತು. ನೀರು ಹಾಕಿದಷ್ಟೂ ಹೆಚ್ಚಾಯಿತು. ಹಾಕಿದ ನೀರು ಬಿಸಿಲಿಗೆ ಮೇಲೇಳುವಾಗ ಕೆಳಗಿನ ಉಪ್ಪನ್ನೂ ಎಳೆದು ತರುತ್ತಿತ್ತು. ಗಿಡದ ಬುಡದಲ್ಲಿ ಬಿಳಿಯ ಪೊರೆ ಕಟ್ಟಿತ್ತು. ಅನುಮಾನವೇ ಬೇಡವೆಂದು ನಾನು ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಯ ಮೇಲೆ ಇಟ್ಟುಕೊಂಡೆ. ಉಪ್ಪು, ಬಾಯಿ ಸುಡುವಷ್ಟು ಉಪ್ಪು. ತಿರುಗಿ ನೋಡಿದರೆ ನೆಗೆಣ್ಣಿ ಬದುವಿನ ಮೇಲೆ ನಿಂತಿದ್ದಳು.

ಆ ವಾರದೊಳಗೆ ಹುಲಕೋಟಿಯಿಂದ ಬೆಟಗೇರಿಯವರೆಗೆ ನಮ್ಮ ಬಳಗವೆಲ್ಲ ಮಾತಾಡಿದ್ದು ಒಂದೇ, ನಾನು ಅತ್ತೆಯ ಗದ್ದುಗೆಯ ಮಣ್ಣು ನೆಕ್ಕಿದೆ ಎಂದು. ಯಾಕೆ ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಕಥೆ. ಮಾಟ ಎಂದವರೂ ಇದ್ದರು. ಕೇಳಿ ನಕ್ಕೆ. ಆಗ ನಗಬಹುದಿತ್ತು.

ನಾಲ್ಕೂ ಗಿಡ ಸತ್ತವು. ಜವಾರಿಯೂ ಸತ್ತಿತು. ನೆಗೆಣ್ಣಿ ಎಲ್ಲರೆದುರು ಹೇಳಿದ್ದು, "ಅತ್ತಿ ಒಲ್ಲೆ ಅಂದಾಳ. ಅಕಿ ಕೈಯಿಂದ ಬ್ಯಾಡ ಅಂದಾಳ. ಮನಸಿನ್ಯಾಗ ವಿಷಾ ಇಟ್ಕೊಂಡು ಹಚ್ಚಿದ್ರ ಹೂವಿನ ಗಿಡ ಹ್ಯಾಂಗ ಹತ್ತೀತು." ನಾನು ಉಪ್ಪಿನ ವಿಷಯ ಹೇಳಿದೆ. ಮಗಳು ನನ್ನ ಪರವಾಗಿ ನಿಂತು ಎಲ್ಲರಿಗೂ ಬಿಡಿಸಿ ಹೇಳಿದಳು. "ದೊಡ್ಡವ್ವಾ, ಉಪ್ಪಿನ ಮಣ್ಣಾಗ ಬೇರಿಗೆ ನೀರು ಎಳ್ಕೊಳ್ಳಾಕ ಆಗಂಗಿಲ್ಲ. ಅವ್ವ ಅಲ್ಲ, ಯಾರು ಹಚ್ಚಿದ್ರೂ ಸಾಯ್ತಿದ್ವು. ನನ್ನ ಸಾಲಿ ಹುಡುಗ್ರಿಗೂ ಇದು ಗೊತ್ತೈತಿ." ಅವಳು ಹಾಗೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದಾಗ ನನಗಾದ ಹೆಮ್ಮೆ ಹೇಳಲಾರೆ. ಸಾಲಿ ಕಲಿಸಿದ್ದು ಸಾರ್ಥಕ ಎಂದುಕೊಂಡೆ.

ಅದರ ಮರುವಾರ ಲಕ್ಷ್ಮೇಶ್ವರದಿಂದ ಫೋನು ಬಂತು. ಮಗಳ ಗರ್ಭ ನಿಲ್ಲಲಿಲ್ಲ.

ಗದಗಿನ ಆಸ್ಪತ್ರೆಯಲ್ಲಿ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೊರಗೆ ಬೆಂಚಿನ ಮೇಲೆ ಬೀಗತಿ, ಅಂದರೆ ಮಗಳ ಅತ್ತೆ, ಕುಳಿತಿದ್ದರು. ಪಕ್ಕದಲ್ಲಿ ನನ್ನ ನೆಗೆಣ್ಣಿ. ನಾನು ಚಹಾ ತಂದಾಗ ಅವಳು ದನಿ ತಗ್ಗಿಸಲೂ ಇಲ್ಲ. "ನಾಕ ಗಿಡ ಸತ್ತಾಗ ನನಗ ಅನಸಿತ್ರಿ, ಇಲ್ಲಿಗೆ ನಿಲ್ಲಂಗಿಲ್ಲ ಅಂತ. ಆ ದಿನಾ ಹುಡುಗಿ ಅಕಿ ಸಂಗಾಟನ ನೀರು ಹೊತ್ತಿದ್ಲು." ಬೀಗತಿ ನನ್ನ ಕೈಯಿಂದ ಚಹಾದ ಕಪ್ಪು ತೆಗೆದುಕೊಂಡರು, ಪಕ್ಕದಲ್ಲಿ ಇಟ್ಟರು. ಕುಡಿಯಲಿಲ್ಲ. ಆ ಕ್ಷಣದಲ್ಲಿ ನೆಗೆಣ್ಣಿಯ ಮುಖಕ್ಕೆ ಬಿಸಿ ಚಹಾ ಎರಚಬೇಕೆನ್ನಿಸಿತು. ಎರಚಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಅಲ್ಲಿಂದ ಶುರುವಾಯಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಲಕ್ಕೆ ಬೀಜ ಒಯ್ಯುವ ದಿನ ನನ್ನ ಕೈಯಲ್ಲಿದ್ದ ಬುಟ್ಟಿಯನ್ನು ಭಾವ ನಯವಾಗಿ ತೆಗೆದುಕೊಂಡು, "ನೀ ಬುತ್ತಿ ನೋಡ್ಕೋ" ಎಂದರು. ಬಳಗದಲ್ಲಿ ಮದುವೆಯಾದರೆ ಅರಿಶಿನ ಹಚ್ಚುವ ಹೆಂಗಸರ ಸಾಲಿನಲ್ಲಿ ನನ್ನ ಸರದಿ ಬರುವಾಗ ಅರಿಶಿನ ಮುಗಿದಿರುತ್ತಿತ್ತು. ನನ್ನ ಗಂಡ ಗಟ್ಟಿಮುಟ್ಟಾಗಿದ್ದಾರೆ, ಕೊರಳಲ್ಲಿ ತಾಳಿ ಇದೆ, ಕೈತುಂಬ ಬಳೆ ಇದೆ, ಆದರೂ ನನಗೆ ಕೊಡುತ್ತಿದ್ದದ್ದು ಅಡುಗೆಮನೆಯ ಕೆಲಸ. ಬೇಯಿಸುವುದಕ್ಕೆ ಸುಡುವ ಕೈ ಆಗುತ್ತದೆ.

ಗಂಡನಿಗೆ ಹೇಳಿದರೆ, "ಮಂದಿ ಅಂತಾರ, ಮರೀತಾರ. ನೀ ಜೀವಕ್ಕ ಹಚ್ಕೋಬ್ಯಾಡ" ಎಂದು ಪೇಪರು ತಿರುಗಿಸಿದರು. ಅವರ ಅಣ್ಣನೆದುರು ಒಂದು ಮಾತು, ಉಪ್ಪು ಹಾಕಿಸಿದ್ದು ನೀನು ಅಂತ, ಅವರು ಆಡಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಕೇಳಿದ್ದು ಆ ಒಂದು ಮಾತು.

ನಾನು ಸುಮ್ಮನಿರಲಿಲ್ಲ. ಆ ಮಳೆಗಾಲದಲ್ಲಿ ಹಿತ್ತಲು, ಮಾಳಿಗೆ, ಬಾಗಿಲ ಮುಂದಿನ ಗಟಾರದ ಅಂಚು ಎಲ್ಲ ಕಡೆ ಗುಲಾಬಿ ಹಚ್ಚಿದೆ. ಹಳದಿ, ಕಿತ್ತಳೆ, ಎರಡು ಬಣ್ಣದ್ದು, ಗೋಡೆ ತುಂಬುವ ಬಳ್ಳಿ. ಒಂದೂ ಸಾಯಲಿಲ್ಲ. ಓಣಿಯವರು ನಿಂತು ನೋಡಿ ಹೋಗುತ್ತಿದ್ದರು. ನನ್ನ ಕೈಗುಣಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದುಕೊಂಡರೆ, ನೆಗೆಣ್ಣಿ ಬಂದು ನೋಡಿ, "ಅಂಗಡಿ ಗೊಬ್ಬರ ಹಾಕಿರಬೇಕು" ಎಂದಳು. ಹೋಗುವಾಗ ಜವಾರಿಯ ಒಂದು ಟೊಂಗೆ ಮುರಿದುಕೊಂಡಳು. ಕೇಳಿ ಮುರಿಯುವ ಅಭ್ಯಾಸ ಅವಳಿಗಿಲ್ಲ.

ಆ ಟೊಂಗೆಯನ್ನು ಅವಳು ಒಯ್ದು ಅತ್ತೆಯ ಸಮಾಧಿಯ ಮೇಲೆ ಚುಚ್ಚಿದಳು. ಆ ವರ್ಷ ಮಳೆ ಚೆನ್ನಾಗಿ ಹಿಡಿದಿತ್ತು, ಮೇಲಿನ ಉಪ್ಪೆಲ್ಲ ತೊಳೆದು ಕೆಳಗೆ ಇಳಿದಿತ್ತು. ನಾನು ಹಾಕಿಸಿದ ಕೆಂಪು ಮಣ್ಣು, ನನ್ನ ಗೊಬ್ಬರ, ನನ್ನ ಗಿಡದ ಟೊಂಗೆ. ಚಿಗುರಿತು. ದೀಪಾವಳಿಗೆ ಹೂ ಬಿಟ್ಟಿತು. ಭಾವ ಅದರ ಫೋಟೋ ತೆಗೆದು ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದರು. ಕೆಳಗೆ ಕೈ ಮುಗಿದ ಚಿತ್ರಗಳು ಸಾಲುಗಟ್ಟಿದವು. ಬೀಗತಿ ಬರೆದರು, "ಅತ್ತಿ ಮನಸ್ಸು ಗೆದ್ದ ಸೊಸಿ." ಮಗಳು ಏನೂ ಬರೆಯಲಿಲ್ಲ. ಅವಳು ಅದನ್ನು ನೋಡಿದ್ದಳು, ಅದು ನನಗೆ ಗೊತ್ತು.

ಮಾಗಿ ಚಳಿಯಲ್ಲಿ ಮಗಳು ಮತ್ತೆ ಬಸುರಿಯಾದಳು. ಈ ಸಲ ನಿಂತಿತು. ಏಳನೆಯ ತಿಂಗಳಿಗೆ ಲಕ್ಷ್ಮೇಶ್ವರದಲ್ಲಿ ಕುಬಸದ, ಅಂದರೆ ಸೀಮಂತದ, ಕಾರ್ಯ ಗೊತ್ತಾಯಿತು. ತವರಿನವರು ಹಸಿರು ಸೀರೆ, ಹಸಿರು ಬಳೆ, ಕುಬಸದ ರವಿಕೆ ಒಯ್ದು, ಬಸುರಿಯನ್ನು ಕೂಡಿಸಿ, ಉಡಿ ತುಂಬಿ, ಹೂ ಮುಡಿಸಬೇಕು. ಮೊದಲ ಹೂ ತಾಯಿಯದು. ಊರೆಲ್ಲ ನನ್ನ ಕೈ ತಳ್ಳಿದರೂ ಇದೊಂದನ್ನು ಯಾರೂ ತಳ್ಳಲಾರರು ಎಂದು ನಾನು ನಂಬಿದ್ದೆ. ಆ ಒಂದು ದಿನಕ್ಕಾಗಿ ಎಲ್ಲರೆದುರು ಬಾಯಿ ಮುಚ್ಚಿಕೊಂಡು ಇದ್ದೆ. ಮಗಳ ತಲೆಗೆ ನಾನು ಹೂ ಮುಡಿಸಿದೆನೆಂದರೆ, ಎಲ್ಲರ ಕಣ್ಣೆದುರು, ಆ ಸುಡುವ ಕೈಯ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಮುಡಿಗೆ ಯಾವ ಹೂ ಎಂದು ತಿಂಗಳ ಮೊದಲೇ ಯೋಚಿಸಿದೆ. ದೊಡ್ಡ ಕಸಿ ಗುಲಾಬಿ ಭಾರ, ಜಡೆಗೆ ನಿಲ್ಲುವುದಿಲ್ಲ. ಜವಾರಿ ಮಧ್ಯಾಹ್ನಕ್ಕೆ ಉದುರುತ್ತದೆ, ಬಸುರಿಯ ತಲೆಯಿಂದ ಪಕಳೆ ಉದುರಬಾರದು. ಬಟನ್ ಗುಲಾಬಿಯೇ ಸರಿ, ದಿನವಿಡೀ ಬಾಡುವುದಿಲ್ಲ. ದಿನ ಲೆಕ್ಕ ಹಾಕಿ ಗಿಡಗಳ ಟೊಂಗೆ ಸವರಿದೆ, ಕುಬಸದ ದಿನಕ್ಕೆ ಸರಿಯಾಗಿ ಅರಳುವಂತೆ. ಅರಳಿದವು. ಬೆಳಿಗ್ಗೆ ಹೊತ್ತು ಏರುವ ಮೊದಲೇ ಕಿತ್ತು, ಒಂದೊಂದರ ಮುಳ್ಳು ತೆಗೆದು, ಮಲ್ಲಿಗೆಯ ಜೊತೆ ದಂಡೆ ಕಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ದೆ.

ಲಕ್ಷ್ಮೇಶ್ವರದ ಆ ಮನೆಯ ಪಡಸಾಲೆ ಹೆಂಗಸರಿಂದ ತುಂಬಿತ್ತು. ಮಗಳು ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕುಳಿತಿದ್ದಳು. ಮೈ ತುಂಬಿಕೊಂಡಿದ್ದಳು, ಚೆಂದ ಕಾಣುತ್ತಿದ್ದಳು. ಬೀಗತಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ನಾನು ಒದ್ದೆ ಬಟ್ಟೆ ಬಿಚ್ಚಿ ದಂಡೆ ಕೈಗೆ ತೆಗೆದುಕೊಂಡು ಅವಳ ಹಿಂದೆ ಹೋದೆ. ಬೀಗತಿ ಏನೂ ಅನ್ನಲಿಲ್ಲ. ನೆಗೆಣ್ಣಿಯೂ ಅನ್ನಲಿಲ್ಲ. ಯಾರೂ ಏನೂ ಅನ್ನಲಿಲ್ಲ ಎಂದು ನನ್ನ ಎದೆ ಹಗುರಾಯಿತು.

ಮಗಳು ತಲೆ ಹಿಂದೆ ತಿರುಗಿಸಿ, ಮೆಲ್ಲಗೆ, "ಅವ್ವಾ, ನೀ ಬ್ಯಾಡ. ದೊಡ್ಡವ್ವ ಮುಡಸಲಿ" ಎಂದಳು.

ನಾನು ಸರಿಯಾಗಿ ಕೇಳಿಸಲಿಲ್ಲವೆಂಬಂತೆ ಬಾಗಿದೆ. ಅವಳ ಕಣ್ಣಲ್ಲಿ ನೀರಿತ್ತು. "ಉಪ್ಪಿಂದು ನನಗ ಗೊತ್ತೈತಿ ಅವ್ವಾ. ನಾನ ಹೇಳೀನಲ್ಲ ಎಲ್ಲಾರಿಗೂ. ಆದ್ರ ಈ ಸಲ ನನಗ ಧೈರ್ಯ ಇಲ್ಲ. ಸಿಟ್ಟಾಗಬ್ಯಾಡ."

ನೆಗೆಣ್ಣಿ ಎದ್ದು ಬಂದಳು. ಅವಸರವಿಲ್ಲದೆ ಬಂದಳು, ಸೆರಗು ಸರಿಮಾಡಿಕೊಂಡು, ಮೊದಲೇ ಗೊತ್ತಿದ್ದವಳಂತೆ. ಅವರಿಬ್ಬರು ಮೊದಲೇ ಮಾತಾಡಿಕೊಂಡಿದ್ದರು ಎಂದು ಆಗ ತಿಳಿಯಿತು. ದಂಡೆಗೆ ಕೈ ಚಾಚಿದಳು. ಕೊಟ್ಟೆ. ಅವಳು ಅದನ್ನು ಮಗಳ ಜಡೆಗೆ ಸಿಕ್ಕಿಸುತ್ತ, "ಹೂವು ಚಲೋ ಅದಾವ ತಂಗಿ, ಎಲ್ಲಿ ಸಿಕ್ವು" ಎಂದು ನನ್ನನ್ನು ಕೇಳಿದಳು. ಹೆಂಗಸರು ಹಾಡು ಶುರುಮಾಡಿದರು. ನಾನು ಅಡುಗೆಮನೆಗೆ ಹೋಗಿ ಹೋಳಿಗೆ ಬೇಯಿಸಲು ನಿಂತೆ.

ಆಮೇಲಿನ ತಿಂಗಳುಗಳು ನನ್ನ ಜೀವನದಲ್ಲೇ ಕೆಟ್ಟವು. ಬೆಳಿಗ್ಗೆ ಎದ್ದು ದೇವರ ಮುಂದೆ ಕುಳಿತು, ಮಗು ಚೆನ್ನಾಗಿ ಹುಟ್ಟಲಿ ಎಂದು ಬೇಡುತ್ತಿದ್ದೆ. ಚೆನ್ನಾಗಿ ಹುಟ್ಟಿತೆಂದರೆ ನೆಗೆಣ್ಣಿಯ ಕೈ ಗೆದ್ದಿತು, ನನ್ನ ಕೈ ಸುಡುವುದು ಖರೆಯಾಯಿತು ಎಂಬುದೂ ಗೊತ್ತಿತ್ತು. ನನ್ನ ಸೋಲನ್ನು ನಾನೇ ದಿನಾ ಬೇಡಿಕೊಂಡೆ. ಹುಟ್ಟಿತು, ಗಂಡು ಮಗು, ಗುಂಡುಗುಂಡಗೆ. ಆಸ್ಪತ್ರೆಯ ಅದೇ ಹಜಾರದಲ್ಲಿ ನೆಗೆಣ್ಣಿ ನನ್ನ ಹೆಗಲು ತಟ್ಟಿ, "ಆತಲ್ಲ ತಂಗಿ, ಇನ್ನರೆ ಸಮಾಧಾನ ಆತಿಲ್ಲೋ" ಎಂದಳು.

ಬಾಣಂತನ ನಮ್ಮ ಮನೆಯಲ್ಲಿಯೇ ಆಯಿತು. ಮಗಳ ಬಟ್ಟೆ ಒಗೆದೆ, ನೀರು ಕಾಯಿಸಿದೆ, ಕೂಸಿನ ಹೊಲಸು ತೊಳೆದೆ. ಕೂಸನ್ನು ತೊಟ್ಟಿಲಿಗೆ ಹಾಕಲು ಹುಲಕೋಟಿಯಿಂದ ದೊಡ್ಡವ್ವ ಬಂದಳು. ಮಗಳು ಈಗ ಮೊದಲಿಗಿಂತ ಹೆಚ್ಚು ಪ್ರೀತಿಯಿಂದ ಮಾತಾಡುತ್ತಾಳೆ, ಪೆಟ್ಟು ಕೊಟ್ಟವರು ನಯವಾಗಿ ಮಾತಾಡುವ ಹಾಗೆ. ಅವಳನ್ನು ಕ್ಷಮಿಸಿದ್ದೇನೆಯೇ ಎಂದು ನನ್ನನ್ನು ನಾನು ಕೇಳಿಕೊಂಡಿಲ್ಲ.

ಗಂಡನ ಮನೆಗೆ ಹೊರಡುವ ಹಿಂದಿನ ದಿನ ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ಬಂದಳು. "ಅವ್ವಾ, ನಮ್ಮ ಅಂಗಳಕ್ಕ ಒಂದು ಗುಲಾಬಿ ಬೇಕು. ಕೂಸಿನ ಹೆಸರಿಗೆ. ನೀನ ಆರಿಸಿ ಕೊಡು, ನಿನ್ನಷ್ಟು ಯಾರಿಗೂ ಗೊತ್ತಾಗಂಗಿಲ್ಲ." ಆಮೇಲೆ ಕೂಸಿನ ಟೋಪಿ ಸರಿಮಾಡುತ್ತ, "ಹಚ್ಚಾಕ ದೊಡ್ಡವ್ವ ಬರ್ತೀನಿ ಅಂದಾಳ" ಎಂದಳು.

ಚೀಲದಲ್ಲಿ ಇನ್ನೂ ನೆಡದೆ ಇಟ್ಟಿದ್ದ ಸಸಿಗಳಲ್ಲಿ ಬೇರು ಕೊಳೆತದ್ದು ಒಂದಿತ್ತು, ಮೇಲೆ ಹೂ ಹೊತ್ತು ನಿಂತದ್ದು. ನೋಡಿದವರು ಅದನ್ನೇ ಎತ್ತಿಕೊಳ್ಳುತ್ತಿದ್ದರು. ಲಕ್ಷ್ಮೇಶ್ವರದ ಅಂಗಳದಲ್ಲಿ ನೆಗೆಣ್ಣಿಯ ಕೈಯಿಂದ ಅದು ಹದಿನೈದು ದಿನದಲ್ಲಿ ಸಾಯುತ್ತಿತ್ತು. ನನ್ನ ಕೈ ಅದರ ಕಡೆಗೆ ಹೋಯಿತು. ಆದರೆ ಸತ್ತರೆ ಅವರೇನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಹಚ್ಚಿದ್ದು ದೊಡ್ಡವ್ವ, ಆರಿಸಿ ಕೊಟ್ಟದ್ದು ಯಾರ ಕೈ ಎಂದು ಕೇಳುತ್ತಿದ್ದರು.

ಇದ್ದುದರಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಸಸಿಯನ್ನು ಎತ್ತಿ ಮಗಳ ಕೈಗೆ ಕೊಟ್ಟೆ.